ಬಂಡೆಯ ನಾಡಿನಲ್ಲಿ ನೀರಿನ ಅಳತೆ

ಬೇಸಿಗೆಯ ನಡುಹಗಲಲ್ಲಿ ರಾಮನಗರದ ಬಂಡೆಗಳ ಮೇಲೆ ಬರಿಗಾಲಿಡಲಾಗದು. ಅದೇ ಹೊತ್ತಿನಲ್ಲಿ ಚನ್ನಪಟ್ಟಣದ ಕಣ್ವ ಜಲಾಶಯಕ್ಕೆ ಕೈಯದ್ದಿದರೆ ತಂಪು. ಎರಡರ ಮೇಲೂ ಬೀಳುವುದು ಒಂದೇ ಬಿಸಿಲು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಲು ಸುಮಾರು 4.18 ಜೌಲ್ ಶಾಖ ಬೇಕು. ಅಷ್ಟೇ ತೂಕದ ಗ್ರಾನೈಟ್ ಕಲ್ಲಿಗೆ ಅದರ ಐದನೆಯ ಒಂದು ಭಾಗ ಸಾಕು. ಭೂಮಿಯ ಮೇಲ್ಮೈಯ ಶೇ. 71ರಷ್ಟನ್ನು ಆವರಿಸಿದ ಸಮುದ್ರವು ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವುದರಿಂದಲೇ ಹಗಲು ಸುಡದೆ, ಇರುಳು ಹೆಪ್ಪುಗಟ್ಟದೆ ಜೀವಿಗಳು ಬದುಕಿವೆ. ನೆಲ ಬೇಗ ಕಾಯುತ್ತದೆ, ಸಮುದ್ರ ಹಿಂದೆ ಬೀಳುತ್ತದೆ. ಮುಂಗಾರಿನ ಗಾಳಿಯ ಮೂಲ ಈ ವ್ಯತ್ಯಾಸದಲ್ಲಿದೆ.

ಅಲ್ಲಾಹನು ಆಕಾಶದಿಂದ ಒಂದು ಅಳತೆಯಂತೆ ನೀರನ್ನಿಳಿಸಿ ಭೂಮಿಯಲ್ಲಿ ನೆಲೆಗೊಳಿಸಿದನೆಂದೂ ಅದನ್ನು ಹಿಂತೆಗೆದುಕೊಳ್ಳಲೂ ಆತ ಶಕ್ತನೆಂದೂ ಪವಿತ್ರ ಕುರ್‌ಆನಿನ ಅಲ್ ಮುಅ್‌ಮಿನೂನ್ ಅಧ್ಯಾಯದ 18ನೆಯ ಸೂಕ್ತವು ತಿಳಿಸುತ್ತದೆ. ಇಲ್ಲಿ ಹೇಳಿರುವುದು ಮಳೆಯ ಪ್ರಮಾಣದ ಮಾತು. ಅದರಿಂದ 4.18 ಎಂಬ ಅಂಕಿಯನ್ನು ಹೊರತೆಗೆದು ಬೆರಗುಗೊಳಿಸುವ ಭಾಷಣಗಳು ನನಗೆ ಹಿಡಿಸವು; ಕುರ್‌ಆನಿಗೆ ಆ ಊರುಗೋಲು ಬೇಕಿಲ್ಲ. ಆದರೆ ಅಳತೆಯಿಟ್ಟವನು ಒಬ್ಬನೇ ಎಂದು ನಂಬುವವನಿಗೆ ಆ ಅಳತೆಯನ್ನು ಅರಿಯುವ ಹೊಣೆಯೂ ಇದೆ.

ನಮ್ಮ ಸೀಮೆಯ ರೇಷ್ಮೆ ಬೆಳೆಗಾರರು ಇದನ್ನು ಪುಸ್ತಕವಿಲ್ಲದೆ ಅರಿತವರು. ಹುಳುವಿಗೆ 24ರಿಂದ 28 ಡಿಗ್ರಿಯ ಹವೆ ಬೇಕು. ಕನಕಪುರ, ಮಾಗಡಿಯ ಹುಳು ಮನೆಗಳಲ್ಲಿ ಬೇಸಿಗೆ ಬಂತೆಂದರೆ ಕಿಟಕಿ ಬಾಗಿಲುಗಳಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 2,400 ಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ಮನೆಯ ಮಣ್ಣಿನ ಮಡಕೆಯ ಗುಟ್ಟೂ ಇದೇ. ಊರಿನ ಕೆರೆ ಊರಿಗೆ ಮಾಡುವುದೂ ಇದನ್ನೇ. ಕೆರೆಯಂಗಳವನ್ನು ನಿವೇಶನ ಮಾಡಿದವರು ಬರಿಯ ನೀರನ್ನಲ್ಲ, ನೆರೆಹೊರೆಯವರ ತಂಪನ್ನೂ ಕಸಿದಿದ್ದಾರೆ. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಒತ್ತಿ ಹೇಳಿದ್ದರೆಂಬುದನ್ನು ನಾನು ನೆನಪಿಸಬೇಕಿಲ್ಲ.

ಇನ್ನು ನಮ್ಮದೇ ಮೊಹಲ್ಲಾಗಳ ಮಾತು. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಗೂಡು ತಂದು ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮವರು ಬಹಳ ಮಂದಿ. ಗೂಡು ಬೇಯಲು, ಅಂಟು ಸಡಿಲಗೊಂಡು ಎಳೆ ಸಿಗಲು ಬಿಸಿನೀರು ಬೇಕೇ ಬೇಕು. ನೂರು ಲೀಟರ್ ನೀರನ್ನು 25ರಿಂದ 85 ಡಿಗ್ರಿಗೇರಿಸಲು ಸುಮಾರು ಎರಡೂವರೆ ಕೋಟಿ ಜೌಲ್ ಶಾಖ ತಗಲುತ್ತದೆ. ಒಲೆಯ ಕಾವಿನ ದೊಡ್ಡ ಪಾಲು ಹೊಗೆಯೊಡನೆ ಹೋಗುವುದರಿಂದ ಇದಕ್ಕೆ ಹಲವು ಕಿಲೋ ಸೌದೆ ಉರಿಯಬೇಕು. ನೀರು ಕಲಕಾದರೆ ನೂಲಿನ ಬಣ್ಣ ಕೆಡುತ್ತದೆ, ಬದಲಿಸಲೇಬೇಕು. ಆಗ ಬಿಸಿಯಾಗಿಯೇ ಇರುವ ಆ ನೀರು ಚರಂಡಿ ಸೇರುತ್ತದೆ. ಸೌದೆಗೆ ಕೊಟ್ಟ ಹಣವೂ ಅದರೊಡನೆ ಹರಿಯುತ್ತದೆ. ಗೂಡಿನ ಅಂಟು, ಹುಳುವಿನ ಕೊಳೆ ಹೊತ್ತು ಅದು ಅರ್ಕಾವತಿಯತ್ತ ಸಾಗಿದರೆ, ಕೆಳಗೆ ಕನಕಪುರದವರೂ ಆ ನದಿಯನ್ನು ನಂಬಿದವರೇ.

ವುಝೂವಿಗೆ ಒಂದು ಮುದ್ದ್, ಅಂದರೆ ಎರಡೂ ಕೈ ಜೋಡಿಸಿದ ಒಂದು ಬೊಗಸೆಯಷ್ಟು ನೀರು ಪ್ರವಾದಿ(ಸ)ರಿಗೆ ಸಾಕಾಗುತ್ತಿತ್ತೆಂದು ಹದೀಸ್‌ನಲ್ಲಿದೆ. ಮಿತವ್ಯಯದ ಖುತ್ಬಾ ವುಝೂವಿನ ನಲ್ಲಿಗೆ ಬಂದು ನಿಲ್ಲಬಾರದು, ಬಿಚ್ಚಾಣಿಕೆಯ ತೊಟ್ಟಿಗೂ ತಲುಪಬೇಕು. ಹೊರಬೀಳುವ ಬಿಸಿನೀರನ್ನು ಶೋಧಿಸಿ, ಹೊಸ ನೀರಿನ ತೊಟ್ಟಿಯೊಳಗಿಟ್ಟ ಸುರುಳಿ ಕೊಳವೆಯ ಮೂಲಕ ಹಾಯಿಸಿದರೆ ಅದರ ಕಾವು ಹೊಸ ನೀರಿಗೆ ಇಳಿಯುತ್ತದೆ, ಕೊಳಕು ಬೆರೆಯದು. ಕೆಸರನ್ನು ತಂಗಿಸುವ ಗುಂಡಿಯೊಂದನ್ನು ನಾಲ್ಕಾರು ಮನೆಗಳು ಸೇರಿ ತೋಡಬಹುದು. ದಿನದ ದುಡಿಮೆಯಲ್ಲೇ ಬದುಕುವ ಸಣ್ಣ ಕಸುಬುದಾರನಿಗೆ ಈ ವೆಚ್ಚ ಭಾರವೇ ಸರಿ. ಮದುವೆ, ಚಿಕಿತ್ಸೆಗಳಿಗೆ ನೆರವಾಗುವ ಜಮಾಅತ್‌ನ ಬೈತುಲ್‌ಮಾಲ್ ಇದಕ್ಕೂ ಬಡ್ಡಿರಹಿತ ಸಾಲ ಕೊಡಲಿ. ಉಳಿದ ಸೌದೆಯ ಹಣದಿಂದಲೇ ಅವನು ಕಂತು ಕಟ್ಟಬಹುದು.