ಗೂಡುಜರಿ ಬಂದಳಿಕೆಯಲ್ಲ

ಮಳೆಗೆ ಮುಂಚೆ ಮರಗಸಿ ನಡೆಯುವಾಗ ನಮ್ಮ ತೋಟಗಳಲ್ಲಿ ಒಂದು ಅನ್ಯಾಯ ಸದ್ದಿಲ್ಲದೆ ನಡೆದುಹೋಗುತ್ತದೆ. ಮರದ ಕವಲಿನಲ್ಲಿ ಹಕ್ಕಿಗೂಡಿನಂತೆ ಕುಳಿತ ಅಗಲ ಎಲೆಯ ಜರೀಗಿಡವನ್ನೂ ಬಂದಳಿಕೆಯ ಲೆಕ್ಕಕ್ಕೆ ಸೇರಿಸಿ ಆಳುಗಳು ಕೆಡವುತ್ತಾರೆ. ಹಾಗೆ ಹೇಳಿಕೊಟ್ಟವರು ಬೆಳೆಗಾರರಾದ ನಾವೇ. ಬಂದಳಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ಮರದ ರಸ ಹೀರುತ್ತದೆ. ಗೂಡುಜರಿಗೆ ಮರ ಬರೀ ಪೀಠ. ಉದುರುವ ತರಗೆಲೆಯನ್ನೂ ಮಳೆನೀರನ್ನೂ ತನ್ನ ಬೋಗುಣಿಯಲ್ಲಿ ಹಿಡಿದು, ಕೊಳೆಸಿ, ಅದರಿಂದಲೇ ಅದು ಹೊಟ್ಟೆ ಹೊರೆಯುತ್ತದೆ.

ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಆಸ್ಪ್ಲೀನಿಯಂ ನೈಡಸ್ ಎಂದು ಹೆಸರಿಟ್ಟನು. ನೈಡಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗೂಡು. ಮುಂದೆ ಕ್ಯೂ ಉದ್ಯಾನದ ಜಾನ್ ಸ್ಮಿತ್ ಇದನ್ನು ಬೇರೆ ಕುಲಕ್ಕೆ ಸೇರಿಸಿದ. ಈಗ ಮತ್ತೆ ಹಳೆಯ ಹೆಸರೇ ಬಳಕೆಯಲ್ಲಿದೆ. ನಮ್ಮ ಘಟ್ಟದ ಗಿಡ ಫಿಲ್ಲಿಟಿಡಿಸ್ ಎಂಬ ಬೇರೆ ಜಾತಿಯೆಂದು ಕೆಲವರ ವಾದ. ಆ ಜಗಳ ಪಂಡಿತರಿಗಿರಲಿ.

ನಾವು ಗಮನಿಸಬೇಕಾದದ್ದು ಇಂಗ್ಲೆಂಡಿನ ಕಥೆ. 19ನೆಯ ಶತಮಾನದಲ್ಲಿ ಡಾ. ವಾರ್ಡ್ ಎಂಬಾತನ ಗಾಜಿನ ಪೆಟ್ಟಿಗೆಯಿಂದಾಗಿ ಉಷ್ಣದೇಶದ ಗಿಡಗಳು ಹಡಗಿನಲ್ಲಿ ಜೀವಂತ ತಲುಪತೊಡಗಿದವು. ಅಲ್ಲಿನ ಜನಕ್ಕೆ ಜರಿಯ ಹುಚ್ಚು ಹಿಡಿಯಿತು. ಆ ಹುಚ್ಚಿಗೊಂದು ಹೆಸರನ್ನೂ 1855ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಕೊಟ್ಟ. ಗುಡ್ಡಗಳಿಂದ ಗಿಡ ಕಿತ್ತು ಮಾರಿ, ಐರ್ಲೆಂಡಿನ ಕಿಲಾರ್ನಿ ಜರಿಯಂತಹವು ಅಳಿವಿನ ಅಂಚಿಗೆ ಬಂದವು. ಪೇಟೆಯ ಅಲಂಕಾರಕ್ಕೆಂದು ಮರದಿಂದ ಗೂಡು ಇಳಿಸಿಕೊಡುವ ನಮ್ಮ ಸದಸ್ಯರು ಇದನ್ನು ಮರೆಯಬಾರದು.

ಬೋರ್ನಿಯೋದ ಕಾಡಿನಲ್ಲಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಂದು ದೊಡ್ಡ ಗೂಡಿನಲ್ಲಿದ್ದ ಹುಳುಹುಪ್ಪಟೆಗಳ ತೂಕ, ಆ ಮರದ ಉಳಿದ ತಲೆಯಲ್ಲಿದ್ದಷ್ಟೇ ಹೆಚ್ಚುಕಡಿಮೆ ಇತ್ತಂತೆ! ಹುಳು ಎಂದೊಡನೆ ಬೆಚ್ಚಬೇಡಿ. ಕಾಂಡಕೊರಕ ಕಾಫಿಗಿಡದ ಕಾಂಡದಲ್ಲಿ ಬೆಳೆಯುವುದು. ಅದಕ್ಕೆ ಈ ತರಗಿನ ಗೂಡು ಮನೆಯಲ್ಲ.

ಅಡಿಕೆಯವರಿಗೆ ಇನ್ನೊಂದು ಮಾತು. ತೈವಾನಿನಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಗೂಡುಜರಿಗಳನ್ನು ಬೆಳೆದು, ಸುರುಳಿ ಬಿಚ್ಚದ ಎಳೆಯ ಕುಡಿಯನ್ನು ತರಕಾರಿಯಾಗಿ ಮಾರುತ್ತಾರೆ. ಕೊಡಗಿನ ತೆರ್ಮೆ ಸೊಪ್ಪೂ ಜರಿಯೇ ತಾನೆ? ಹಾಗೆಂದು ನಮ್ಮ ಮರದ ಗೂಡನ್ನು ಬಾಣಲೆಗೆ ಹಾಕಿ ಎನ್ನುತ್ತಿಲ್ಲ. ಅಲ್ಲಿಯದು ಆಯ್ದ ತಳಿ, ನೆಟ್ಟು ಬೆಳೆದದ್ದು.

ಮಾರಲೇಬೇಕೆಂದಿದ್ದರೆ ನಾವೂ ಬೆಳೆದೇ ಮಾರೋಣ. ಎಲೆಯ ಅಡಿಯ ಗೆರೆಗಳು ಕಂದುಬಣ್ಣಕ್ಕೆ ತಿರುಗಿದಾಗ ಕಾಗದದಲ್ಲಿ ಸುತ್ತಿಟ್ಟರೆ ಧೂಳು ಉದುರುತ್ತದೆ. ಕುದಿನೀರು ಹೊಯ್ದು ಆರಿಸಿದ ಇಟ್ಟಿಗೆ ಚೂರಿನ ಮೇಲೆ ಅದನ್ನು ಉದುರಿಸಿ, ತಟ್ಟೆನೀರಿನಲ್ಲಿಟ್ಟು ಗಾಜು ಮುಚ್ಚಬೇಕು. ಮೊದಲು ಹಸಿರು ಪಾಚಿಯಂತೆ ಕಾಣುವುದು, ಆಮೇಲೆ ಗಿಡ. ತಡವಾಗುತ್ತದೆ, ನಿಜ. ಸಂಘದ ನರ್ಸರಿಯಲ್ಲಿ ಇದಕ್ಕೊಂದು ಮೂಲೆ ಕೊಡಬೇಕೆಂದು ನನ್ನ ಒತ್ತಾಯ.

ನೆನೆದ ಗೂಡಿನ ಭಾರಕ್ಕೆ ಸಣ್ಣ ಕೊಂಬೆ ಮುರಿದೀತೆಂಬ ದೂರಿನಲ್ಲಿ ಹುರುಳಿದೆ. ಅಂಥದನ್ನು ಬೇರಿನ ಮುದ್ದೆ ಒಡೆಯದಂತೆ ಇಳಿಸಿ, ಹಲಸು ಅಥವಾ ಅತ್ತಿಯ ದಪ್ಪ ಕವಲಿನಲ್ಲಿ ಕೂರಿಸಿ, ತೆಂಗಿನ ಹಗ್ಗದಿಂದ ಕಟ್ಟಿ. ಹಗ್ಗ ಕೊಳೆಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ.