ಕೂತ ಮೇಲೆ ಮರೆತುಹೋಗುವ ಅಂಗಿ

ಬೆಳಗಿನ ಆರರ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಾನು ಎಷ್ಟೋ ಸಲ ಕಂಡ ನೋಟವಿದು. ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ರಾತ್ರಿಯಿಡೀ ಓಡಿಬಂದ ಬಸ್ಸುಗಳಿಂದ ಇಳಿದ ಹುಡುಗರು ಶೌಚಾಲಯದ ಸಣ್ಣ ಕನ್ನಡಿಯ ಮುಂದೆ ಸರದಿಗೆ ನಿಂತಿರುತ್ತಾರೆ. ಒಬ್ಬ ಒದ್ದೆ ಅಂಗೈಯಿಂದ ಅಂಗಿಯ ಸುಕ್ಕು ತೀಡುತ್ತಿರುತ್ತಾನೆ. ಇನ್ನೊಬ್ಬ ಗೆಳೆಯನ ಟೈ ಗಂಟನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತಿರುತ್ತಾನೆ. ಮಡಿಸಿ ತಂದ ಚೂಡಿದಾರ್ ಕೈಯಲ್ಲಿ ಹಿಡಿದ ಹುಡುಗಿ ಬಟ್ಟೆ ಬದಲಿಸಲು ಜಾಗ ಹುಡುಕುತ್ತಿರುತ್ತಾಳೆ. ಹತ್ತು ಗಂಟೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ಇವರಿಗೆ ಸಂದರ್ಶನ.

ಸಂದರ್ಶನಕ್ಕೆ ಹೇಗೆ ಹೋಗಬೇಕೆಂದು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಈ ಕನ್ನಡಿಯ ಮುಂದೆ ನಿಂತವರಲ್ಲ. ಹಾಗಾಗಿ ‘ಚೆನ್ನಾಗಿ ಕಾಣು’ ಅನ್ನುವ ಬುದ್ಧಿಮಾತು ‘ಉಳ್ಳವನಂತೆ ಕಾಣು’ ಎಂದೇ ಮಕ್ಕಳ ಕಿವಿಗೆ ಬೀಳುತ್ತದೆ. ಎರಡೂ ಒಂದೇ ಅಲ್ಲ. ಶುಭ್ರವಾಗಿರುವುದು ಅಭ್ಯರ್ಥಿಯ ಕೈಯಲ್ಲಿದೆ. ಸಿರಿವಂತನಾಗಿರುವುದು ಅವನ ಕೈಯಲ್ಲಿಲ್ಲ. ಮೊದಲನೆಯದನ್ನು ಅವನಿಂದ ನಿರೀಕ್ಷಿಸುವುದು ನ್ಯಾಯ, ಎರಡನೆಯದಕ್ಕೆ ಅಂಕ ಕೊಡುವುದು ಅನ್ಯಾಯ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅನ್ನುತ್ತಾರೆ ಹಿರಿಯರು. ಪರರ ನೋಟ ಎಷ್ಟು ಬೇಗ ತೀರ್ಪು ಕೊಡುತ್ತದೆ ಎಂಬುದನ್ನು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಅವೇ ಮುಖಗಳಿಗೆ ಒಮ್ಮೆ ತುಸು ಅನುಕೂಲಸ್ಥರದ್ದೆನಿಸುವ ಬಟ್ಟೆ, ಇನ್ನೊಮ್ಮೆ ಬಡವರದ್ದೆನಿಸುವ ಬಟ್ಟೆ ಜೋಡಿಸಿ, ಈ ವ್ಯಕ್ತಿ ಎಷ್ಟು ಸಮರ್ಥ ಎಂದು ಕೇಳಿದರು. ಚಿತ್ರ ಕಂಡದ್ದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತಾದರೂ ಒಳ್ಳೆಯ ಬಟ್ಟೆಯ ಮುಖಕ್ಕೇ ಹೆಚ್ಚು ಅಂಕ ಬಿತ್ತು. ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹೇಳಿದಾಗಲೂ, ಸರಿಯಾಗಿ ಅಂದಾಜಿಸಿದರೆ ಹಣ ಕೊಡುತ್ತೇವೆ ಎಂದಾಗಲೂ ಆ ಒಲವು ಅಳಿಯಲಿಲ್ಲ. ಸಂದರ್ಶಕರ ಕುರ್ಚಿಯಲ್ಲಿ ಕೂರುವವರೆಲ್ಲ ನೆನಪಿಡಬೇಕಾದ ಸಂಗತಿಯಿದು. ‘ನಾನು ಬಟ್ಟೆ ನೋಡಿ ಅಳೆಯುವವನಲ್ಲ’ ಎಂದುಕೊಳ್ಳುವವರ ಕಣ್ಣೂ ಅಳೆಯುತ್ತಲೇ ಇರುತ್ತದೆ.

ಹಾಗಾದರೆ ಅಭ್ಯರ್ಥಿ ಏನು ಮಾಡಬೇಕು? ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಮಾತು ಒಂದೇ: ಕುರ್ಚಿಯಲ್ಲಿ ಕೂತ ಮೇಲೆ ಮೈಮೇಲಿನ ಬಟ್ಟೆ ಮರೆತುಹೋಗಬೇಕು. ಕತ್ತು ಬಿಗಿಯುವ ಕಾಲರ್, ಹಿಮ್ಮಡಿ ಕಚ್ಚುವ ಹೊಸ ಶೂ, ಪದೇಪದೇ ಜಾರುವ ದುಪಟ್ಟಾ, ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂದು ಹೆದರಿಸುವ ಸೇಫ್ಟಿ ಪಿನ್ ಇವೆಲ್ಲ ಕಲಿತ ಉತ್ತರವನ್ನೂ ಮರೆಸುತ್ತವೆ. ಹಾಸ್ಟೆಲಿನಲ್ಲಿ ಒಂದೇ ಬ್ಲೇಜರ್ ನಾಲ್ಕು ಜನರ ಮೈಯೇರಿ ಬರುವುದನ್ನು, ಒಂಬತ್ತನೇ ನಂಬರಿನ ಪಾದ ಎಂಟನೇ ನಂಬರಿನ ಶೂ ಒಳಗೆ ನರಳುವುದನ್ನು ನಾನು ಕಂಡಿದ್ದೇನೆ. ಆ ಹುಡುಗರ ಗೆಳೆತನ ದೊಡ್ಡದು. ಆದರೆ ಎರವಲು ಬಟ್ಟೆಯೊಳಗೆ ಮನುಷ್ಯ ಮುದುಡಿ ಕೂರುತ್ತಾನೆ.

ಹೊಸದನ್ನು ಕೊಳ್ಳಲೇಬೇಕೆಂದಿಲ್ಲ. ಇರುವ ಅಂಗಿಗಳಲ್ಲಿ ಅಳತೆಗೆ ಸರಿಯಾದ, ತಿಳಿ ಬಣ್ಣದ ಒಂದನ್ನು ತೊಳೆದು ಇಸ್ತ್ರಿ ಮಾಡಿಟ್ಟರೆ ಸಾಕು. ಗುಂಡಿ ಸಡಿಲವಾಗಿದ್ದರೆ ಹಿಂದಿನ ದಿನವೇ ಹೊಲಿಯಬೇಕು. ಹಳೆಯ ಶೂಗೆ ಪಾಲಿಶ್ ಹಾಕಬೇಕು. ಸಾಕ್ಸ್ ಒಗೆದದ್ದಿರಬೇಕು, ಉಗುರು ಕತ್ತರಿಸಿರಬೇಕು. ಗಡ್ಡ ಬೋಳಿಸಲೇಬೇಕೆಂದಿಲ್ಲ, ಬಿಟ್ಟರೆ ಒಪ್ಪವಾಗಿರಬೇಕು. ಸೆಂಟಿನ ಘಾಟು ಬೇಡ. ಮುಚ್ಚಿದ ಎ.ಸಿ. ಕೋಣೆಯಲ್ಲಿ ಅದು ಎದುರಿಗಿರುವವರ ತಲೆ ಸಿಡಿಸುತ್ತದೆ. ಹೆಣ್ಣುಮಕ್ಕಳು ಹತ್ತಿ ಸೀರೆಯುಡಲಿ, ಚೂಡಿದಾರ್ ಹಾಕಲಿ, ಪ್ಯಾಂಟು ಅಂಗಿ ತೊಡಲಿ, ಅಭ್ಯಾಸವಿರುವುದೇ ಸರಿ. ಹಿಂದಿನ ದಿನ ಮನೆಯಲ್ಲೇ ಅದನ್ನು ತೊಟ್ಟು ಅರ್ಧ ಗಂಟೆ ಕೂತು, ಎದ್ದು, ನಡೆದು ನೋಡಲಿ. ದೂರದಿಂದ ಬರುವವರು ಪ್ರಯಾಣದ ಬಟ್ಟೆಯಲ್ಲಿ ಬಂದು, ಸಂದರ್ಶನದ ಅಂಗಿಯನ್ನು ಮಡಿಸುವ ಬದಲು ಸುರುಳಿ ಸುತ್ತಿ ತಂದರೆ ಗೆರೆ ಬೀಳುವುದು ಕಡಿಮೆ.

ಬ್ಲೇಜರ್ ವಿಷಯದಲ್ಲಿ ನನಗೆ ತಕರಾರಿದೆ. ಅದು ಚಳಿ ದೇಶದ ಉಡುಪು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಬ್ಲೇಜರ್ ಕಡ್ಡಾಯ ಎಂದು ಕಾಲೇಜುಗಳು ನೋಟಿಸ್ ಹಚ್ಚುವುದು ಹುಡುಗರನ್ನು ಬೆವರಿಳಿಸುವುದಕ್ಕೆ, ಅವರ ಅಪ್ಪಂದಿರನ್ನು ಸಾಲಕ್ಕೆ ದೂಡುವುದಕ್ಕೆ ಮಾತ್ರ. ಕೆಲಸ ಕೊಡುವವರೇ ಇಂಥ ಕಟ್ಟುನಿಟ್ಟಿನ ಉಡುಪನ್ನು ಬಿಟ್ಟು ಮುಂದೆ ಬಂದಿದ್ದಾರೆ. ವಾರದ ಕೆಲವು ದಿನ ಟೈ ಕಟ್ಟಿಸುತ್ತಿದ್ದ ಇನ್ಫೊಸಿಸ್ 2015ರ ಜೂನ್‌ನಲ್ಲಿ ಆ ನಿಯಮ ಸಡಿಲಿಸಿ, ವಾರವಿಡೀ ಸರಳ ಉಡುಪಿಗೆ ಒಪ್ಪಿಗೆ ಕೊಟ್ಟಿತು. ಕೆಲಸಕ್ಕೆ ಸೇರಿದ ಮೇಲೆ ಬೇಡವಾದ ಟೈ ಸಂದರ್ಶನದ ದಿನ ಮಾತ್ರ ಯಾಕೆ ಬೇಕು?

ಇನ್ನು ಮೇಜಿನ ಆಚೆ ಕೂರುವವರ ಮಾತು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ಟಿಕೆಟ್ ಇದ್ದರೂ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ಒಳಗೆ ಬಿಡದೆ ತಡೆದ ಘಟನೆ ಓದುಗರಿಗೆ ನೆನಪಿರಬಹುದು. ಜೊತೆಗಿದ್ದ ಪ್ರಯಾಣಿಕರು ಪ್ರಶ್ನಿಸಿದರು, ವಿಡಿಯೊ ಊರೆಲ್ಲ ಹರಡಿತು, ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅಲ್ಲಿ ರೈತನ ಪರ ದನಿಯೆತ್ತಲು ನಾಲ್ಕು ಜನ ಇದ್ದರು. ಸಂದರ್ಶನದ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಸವೆದ ಕಾಲರ್ ಕಂಡು ಅರ್ಧ ಅಂಕ ಕಡಿಮೆ ಮಾಡಿದರೆ ಕೇಳುವವರು ಯಾರೂ ಇಲ್ಲ, ಕಳೆದುಕೊಂಡವನಿಗೂ ಅದು ಗೊತ್ತಾಗುವುದಿಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿ ಕಂಪನಿಗಳು ಅಷ್ಟು ದೂರ ಹೋಗಲಾರವು, ಹೋಗಬೇಕಾಗಿಯೂ ಇಲ್ಲ. ಮಾತಾಡಿಸಿಯೇ ತಿಳಿಯಬೇಕಾದ ಗುಣಗಳಿವೆ. ಆದರೆ ಮಾತಾಡಿಸುವುದೆಂದರೆ ಮಾತು ಕೇಳುವುದು. ಹಣೆಯ ವಿಭೂತಿ, ತಲೆಯ ಮೇಲಿನ ಹಿಜಾಬ್, ಎಣ್ಣೆ ಹಚ್ಚಿ ಬಿಗಿದ ಜಡೆ, ಹೊಲದ ಬಿಸಿಲಿಗೆ ಕಪ್ಪಾದ ಕೈ ಇವು ಯಾವುವೂ ಉತ್ತರಗಳಲ್ಲ. ಉತ್ತರ ಮುಗಿದ ಕೂಡಲೇ ಅಂಕ ಬರೆಯಿರಿ. ‘ಒಟ್ಟಾರೆ ಹೇಗೆ ಕಂಡ’ ಎಂದು ಕೊನೆಗೆ ಬರೆಯಲು ಕೂತರೆ ಬರೆಯುವುದು ಅಂಗಿಯೇ.

ಕರೆಪತ್ರದಲ್ಲಿ ‘ಶುಭ್ರವಾದ ಸರಳ ಉಡುಪು ಸಾಕು, ಟೈ, ಬ್ಲೇಜರ್ ಬೇಡ’ ಎಂಬ ಒಂದು ಸಾಲು ಸೇರಿಸಲು ಕಂಪನಿಗಳಿಗೆ ಖರ್ಚೇನೂ ಇಲ್ಲ. ಕಾಲೇಜುಗಳು ಪ್ಲೇಸ್‌ಮೆಂಟ್ ಕೊಠಡಿಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ, ಒಂದು ನಿಲುವುಗನ್ನಡಿ, ಸೂಜಿದಾರ ಇಡಲಿ. ದೂರದ ಜಿಲ್ಲೆಯವರಿಗೆ ಕಂಪನಿಗಳು ಮಧ್ಯಾಹ್ನದ ಹೊತ್ತು ಕೊಡಲಿ. ಬಂದವರಿಗೆ ಮುಖ ತೊಳೆಯಲು ನೀರು, ಬಟ್ಟೆ ಬದಲಿಸಲು ಒಂದು ಕೋಣೆ, ಹತ್ತು ನಿಮಿಷ ಸಿಗಲಿ. ಹನ್ನೆರಡು ತಾಸು ಬಸ್ಸಿನಲ್ಲಿ ಕೂತು ಬಂದ ಹುಡುಗಿಗೆ ಆ ಹತ್ತು ನಿಮಿಷ ಸಿಕ್ಕರೆ, ಅವಳು ತಾನು ಕಲಿತದ್ದನ್ನು ತಲೆಯೆತ್ತಿ ಹೇಳುತ್ತಾಳೆ.