ಶೇ 80 ಮುಗಿದ ಗ್ರಂಥಾಲಯದಲ್ಲಿ ಕೂರುವುದೆಲ್ಲಿ?



ಬಸ್ ನಿಲ್ದಾಣದ ಹಿಂದಿನ ಹೊಸ ಗ್ರಂಥಾಲಯದ ಕಾಮಗಾರಿ ಶೇ 80ರಷ್ಟು ಮುಗಿದಿದೆ ಎಂದು ಕಳೆದ ಗುರುವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಜೊತೆಗೊಂದು ಫೋಟೊ ಬೇರೆ: ಪರಿಶೀಲನೆಗೆ ಬಂದ, ಬಿಳಿ ಹೆಲ್ಮೆಟ್ ತೊಟ್ಟ ಅಧಿಕಾರಿಗಳು ಕೈ ಚಾಚಿ ಏನನ್ನೋ ತೋರಿಸುತ್ತಿದ್ದಾರೆ. ಅದೇನೆಂದು ನೋಡೋಣವೆಂದು ಅಂದೇ ಸಂಜೆ ಹೋದೆ. ಎರಡು ಮಹಡಿಗೆ ಮೋಲ್ಡ್ ಹಾಕಿದ್ದಾರೆ, ಅಷ್ಟೇ. ಗೋಡೆ ಇಲ್ಲ, ಕಿಟಕಿ ಇಲ್ಲ, ವೈರಿಂಗ್ ಇಲ್ಲ. ಮೂರನೇ ಮಹಡಿಗೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದಿವೆ. ನೆಲಮಾಳಿಗೆಯಲ್ಲಿ ಮಳೆಗಾಲದ ನೀರು ಹಾಗೇ ನಿಂತು ಪಾಚಿ ಕಟ್ಟಿದೆ. ಸೆಂಟ್ರಿಂಗ್ ಹಲಗೆಗಳ ಮೇಲೆ ಕಾವಲುಗಾರನ ಮನೆಯವರು ಮೆಣಸಿನಕಾಯಿ ಒಣಹಾಕಿದ್ದಾರೆ. ಇದಕ್ಕೆ ಶೇ 80 ಕೊಡುವವರು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಬೇಕಿತ್ತು. ಜಿಲ್ಲೆಯಲ್ಲಿ ಒಂದು ಮಗುವೂ ಫೇಲಾಗುತ್ತಿರಲಿಲ್ಲ.

ನಿಮ್ಮ ಫೋಟೊದಲ್ಲಿ ಬಾರದೇ ಹೋದದ್ದು ಗೇಟಿನ ಪಕ್ಕದ ಫಲಕ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಎಲ್ಲ ಢಾಳಾಗಿ ಕಾಣುತ್ತವೆ. ‘ಮುಕ್ತಾಯದ ದಿನಾಂಕ’ ಎಂಬುದರ ಮುಂದೆ ಮಾತ್ರ ಬಿಳಿ ಪೇಂಟ್ ಬಳಿದಿದ್ದಾರೆ. ಮುಟ್ಟಿದರೆ ಬೆರಳಿಗೆ ಹತ್ತುವಷ್ಟು ಹಸಿ. ಪೇಂಟಿನಡಿ ಹಿಂದೊಮ್ಮೆ ತಾರೀಖು ಬದಲಿಸಲು ಅಂಟಿಸಿದ್ದ ಸ್ಟಿಕ್ಕರಿನ ಅಂಚು ಉಬ್ಬಿಕೊಂಡಿದೆ. ಪರಿಶೀಲನೆಯ ದಿನ ಅಲ್ಲಿ ನಡೆದ ಕೆಲಸ ಇದೊಂದೇ ಇರಬೇಕು.

ಹಳೇ ಗ್ರಂಥಾಲಯವನ್ನು ಒಡೆಯುವಾಗ ಏನೆಲ್ಲ ಹೇಳಿದ್ದರೆಂಬುದು ನಿಮ್ಮ ಹಳೆಯ ಸಂಚಿಕೆಗಳಲ್ಲೇ ಇದೆ, ನಾನು ನೆನಪಿಸಬೇಕಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದರೆ ಸಿಕ್ಕ ಉತ್ತರ: ‘ಈಗೆಲ್ಲ ಮೊಬೈಲಲ್ಲೇ ಓದ್ತಾರಲ್ಲ ಸಾರ್, ನಿಮಗ್ಯಾಕೆ ಅವಸರ?’ ಆಯಿತು ಸ್ವಾಮಿ, ನಾವೆಲ್ಲ ಮೊಬೈಲಲ್ಲೇ ಓದುತ್ತೇವೆ. ಹಾಗಿದ್ದರೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಯಾಕೆ ಕಿತ್ತುಕೊಳ್ಳುತ್ತೀರಿ? 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ನಮ್ಮಿಂದ ವಸೂಲಿ ಮಾಡುವುದಕ್ಕೆ ಮಾತ್ರ ಬಂದದ್ದೇ? ಅದೇ ರಸೀದಿಯಲ್ಲಿ ಭಿಕ್ಷುಕರ ಕರ ಶೇ 3 ಎಂಬುದೂ ಇದೆ. ಜೂನಿಯರ್ ಕಾಲೇಜಿನ ಮೆಟ್ಟಿಲ ಮೇಲೆ, ಬೀದಿದೀಪದ ಬೆಳಕಿನಲ್ಲಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿರುವ ನಮ್ಮ ಹುಡುಗರು ಇವೆರಡರಲ್ಲಿ ಯಾವ ಕರದ ಲೆಕ್ಕಕ್ಕೆ ಬರುತ್ತಾರೆಂದು ಅಧಿಕಾರಿಗಳೇ ತಿಳಿಸಲಿ.

ಪಕ್ಕದ ತಮಿಳುನಾಡಿನವರು ಮದುರೆಯಲ್ಲಿ ಕರುಣಾನಿಧಿ ಶತಮಾನೋತ್ಸವದ ಗ್ರಂಥಾಲಯಕ್ಕೆ 2022ರ ಜನವರಿಯಲ್ಲಿ ಅಡಿಗಲ್ಲು ಹಾಕಿ, 2023ರ ಜುಲೈಗೆ ಬಾಗಿಲು ತೆರೆದರು. ಎರಡು ಲಕ್ಷ ಚದರ ಅಡಿಗೂ ಮಿಕ್ಕ ಕಟ್ಟಡ ಅದು. ನಾವೋ, ಇಲ್ಲಿ ಎರಡು ಮೋಲ್ಡ್ ಹಾಕಿ ಶೇ 80 ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದೇವೆ. ಜ್ಞಾನಪೀಠಗಳ ಲೆಕ್ಕ ಹೇಳುವಾಗ ಮಾತ್ರ ನಮ್ಮ ಎದೆ ಉಬ್ಬುತ್ತದೆ.

ಇಷ್ಟೇ ಆಗಿದ್ದರೆ ಎಂದಿನಂತೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಕಾಮಗಾರಿಯ ಜಾಗದಲ್ಲಿದ್ದ ಮೇಸ್ತ್ರಿಯಿಂದ ಇನ್ನೊಂದು ಸಂಗತಿ ತಿಳಿಯಿತು: ನಕ್ಷೆ ಬದಲಾಗಿದೆಯಂತೆ! ನೆಲಮಹಡಿಯಲ್ಲಿ ದಿನಪತ್ರಿಕೆ ಓದುವ ಹಜಾರ, ಮಕ್ಕಳ ವಿಭಾಗ ಎಂದು ಶಂಕುಸ್ಥಾಪನೆಯ ದಿನ ಬಣ್ಣದ ಚಿತ್ರ ತೋರಿಸಿದ್ದರಲ್ಲ, ಆ ಜಾಗದಲ್ಲೀಗ ವಾಣಿಜ್ಯ ಮಳಿಗೆಗಳು. ರಸ್ತೆಯ ಕಡೆ ರೋಲಿಂಗ್ ಷಟರ್ ಕೂರಿಸುವ ಅಳತೆಗೆ ಕಂಬಗಳ ನಡುವೆ ಜಾಗ ಬಿಟ್ಟಿರುವುದನ್ನು ಕಣ್ಣಾರೆ ಕಂಡೆ. ಓದುವವರು ಎರಡನೇ ಮಹಡಿ ಹತ್ತಬೇಕು. ಲಿಫ್ಟ್ ‘ಮುಂದಿನ ಹಂತ’ದಲ್ಲಿ. ಪೇಪರ್ ಓದಲು ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಪಿಂಚಣಿದಾರರು, ಮಂಡಿನೋವಿನವರು. ಬೇಕರಿ, ಮೊಬೈಲ್ ರೀಚಾರ್ಜ್ ಅಂಗಡಿಗಳಿಗೆ ಮಾತ್ರ ಮೆಟ್ಟಿಲ ಕಷ್ಟವಿಲ್ಲ. ಈ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು? ಬಾಡಿಗೆ ಯಾರ ಖಾತೆಗೆ ಹೋಗುತ್ತದೆ? ಮಳಿಗೆಗಳನ್ನು ಈಗಾಗಲೇ ‘ಮಾತಾಡಿಕೊಂಡಿದ್ದಾರೆ’ ಎಂಬ ಗುಸುಗುಸು ಊರಲ್ಲಿದೆ. ನಿಮ್ಮ ವರದಿಗಾರರು ಪರಿಶೀಲನೆಯ ಕಾಫಿ, ಬೋಂಡಾ ಮುಗಿಸಿದ ಮೇಲೆ ಇದನ್ನೊಂದಿಷ್ಟು ವಿಚಾರಿಸಬಹುದಿತ್ತು.

ಪ್ರತಿ ಆಗಸ್ಟ್ 12ಕ್ಕೆ ಎಸ್.ಆರ್. ರಂಗನಾಥನ್ ಅವರ ಜನ್ಮದಿನವೆಂದು ಗ್ರಂಥಪಾಲಕರ ದಿನ ಆಚರಿಸಿ, ಅವರ ಚಿತ್ರಕ್ಕೆ ಹಾರ ಹಾಕುತ್ತಾರೆ. ದೇಶಕ್ಕೇ ಗ್ರಂಥಾಲಯ ಶಾಸ್ತ್ರ ಕಲಿಸಿದ ಅವರು 1962ರಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ನಮ್ಮೂರಿನಲ್ಲಿ ಅವರ ಆ ಚಿತ್ರ ಈಗ ಸಮುದಾಯ ಭವನದ ಉಗ್ರಾಣದಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದೆ. ಸುತ್ತ ಗೋಣಿಚೀಲಗಳಲ್ಲಿ ಕಟ್ಟಿಟ್ಟ ಹಳೇ ಗ್ರಂಥಾಲಯದ ಪುಸ್ತಕಗಳು. ಅವುಗಳ ಮೇಲೆ ಅಡುಗೆಯವರ ಹಂಡೆ, ಕೊಳದಪ್ಪಲೆ. ಒಂದು ಚೀಲ ಬಿಚ್ಚಿಸಿದರೆ ಮೇಲಿದ್ದ ನಿಘಂಟಿನ ರಟ್ಟು ಗೆದ್ದಲು ತಿಂದು ಕೈಯಲ್ಲೇ ಪುಡಿಯಾಯಿತು. ಇವೆಲ್ಲ ನಮ್ಮ ಕರದ ದುಡ್ಡಿನಲ್ಲಿ ಕೊಂಡ ಪುಸ್ತಕಗಳು.

ಬದಲಾದ ನಕ್ಷೆಯನ್ನು ಆ ಗೇಟಿಗೇ ತೂಗುಹಾಕಲಿ, ಊರವರೆಲ್ಲ ನೋಡಲಿ. ಶೇ 80 ಎಂಬ ಅಂಕಿ ಎಲ್ಲಿಂದ ಬಂತೆಂದು ಪರಿಶೀಲನೆ ನಡೆಸಿದವರು ನಿಮ್ಮ ಪತ್ರಿಕೆಯಲ್ಲೇ ವಿವರಿಸಲಿ. ಮಾಘದ ಲಗ್ನಗಳು ಶುರುವಾದರೆ ಭವನದವರು ಉಗ್ರಾಣ ಖಾಲಿ ಮಾಡಿಸುತ್ತಾರೆ. ಅಷ್ಟರೊಳಗೆ ಆ ಚೀಲಗಳನ್ನು ಯಾವುದಾದರೂ ಸರ್ಕಾರಿ ಶಾಲೆಯ ಒಣ ಕೋಣೆಗಾದರೂ ಸಾಗಿಸಲಿ.

ಇತಿ,
ಹಳೇ ಗ್ರಂಥಾಲಯದ ಸದಸ್ಯ,
ಠೇವಣಿ ಇನ್ನೂ ವಾಪಸ್ ಬಾರದವ